ಒಂದು ತಲೆಗೆ ಎಷ್ಟು ಮಿಲಿಲೀಟರ್?

ನಮ್ಮ ಮನೆಗೆ ತಂದ 150 ಮಿ.ಲೀ. ಹೇರ್ ಜೆಲ್ ಡಬ್ಬಿ ಹದಿನೆಂಟನೆಯ ದಿನಕ್ಕೆ ತಳ ಕಂಡಿತು. ಮನೆಯಲ್ಲಿ ಅಂಗಡಿಯ ಜೆಲ್ ಹಚ್ಚುವವರು ಇಬ್ಬರೇ: ಡಿಗ್ರಿ ಓದುವ ಮಗ, ಭರತನಾಟ್ಯ ಕಲಿಯುವ ಮಗಳು. ‘ಯಾರು ಖಾಲಿ ಮಾಡಿದ್ದು’ ಎಂದು ಕೇಳಿದರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು. ಹಾಗಾಗಿ ಎರಡನೆಯ ಡಬ್ಬಿ ತಂದ ದಿನದಿಂದ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಕನ್ನಡಿಯ ಕೆಳಗಿಟ್ಟೆ. ಹಚ್ಚುವ ಮೊದಲು ಒಮ್ಮೆ, ಹಚ್ಚಿದ ಮೇಲೆ ಒಮ್ಮೆ ಡಬ್ಬಿ ತೂಗಿ ಕ್ಯಾಲೆಂಡರಿನ ಮೇಲೆ ಬರೆಯಬೇಕು, ಅಷ್ಟೇ ನಿಯಮ. ಜೆಲ್ಲಿನ ಬಹುಭಾಗ ನೀರೇ ಆದ್ದರಿಂದ 1 ಗ್ರಾಂ ಅಂದರೆ ಹೆಚ್ಚುಕಡಿಮೆ 1 ಮಿ.ಲೀ. ಎಂದೇ ಹಿಡಿಯಬಹುದು.

ಮಗನ ಲೆಕ್ಕ ದಿನಕ್ಕೆ ಸರಾಸರಿ 6 ಗ್ರಾಂ ಬಂತು, ಮಗಳದ್ದು ಒಂದು ಕ್ಲಾಸಿಗೆ ಏಳೂವರೆ. ಹದಿನೈದು ಕಾಲೇಜು ದಿನಕ್ಕೆ 90, ಎಂಟು ಕ್ಲಾಸಿಗೆ 60. ಡಬ್ಬಿ ಖಾಲಿಯಾದ ಗುಟ್ಟು ಅಲ್ಲಿಗೆ ತಿಳಿಯಿತು. ಆದರೆ ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಉಳಿಯಿತು. ಒಂದು ತಲೆಗೆ ನಿಜವಾಗಿ ಎಷ್ಟು ಬೇಕು? ಡಬ್ಬಿಯ ಮೇಲೆ ‘ಸ್ವಲ್ಪ ತೆಗೆದುಕೊಂಡು ಹಚ್ಚಿ’ ಎಂದಷ್ಟೇ ಇರುತ್ತದೆ. ಬೆರಳಿನಷ್ಟು ಕೂದಲಿರುವವನಿಗೂ ಸೊಂಟ ಮುಟ್ಟುವ ಗುಂಗುರು ಕೂದಲಿನವಳಿಗೂ ಅದೇ ‘ಸ್ವಲ್ಪ’.

ಕೂದಲಿನಿಂದಲೇ ಲೆಕ್ಕ ಶುರುಮಾಡೋಣ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು. ಒಂದು ಎಳೆಯ ದಪ್ಪ 50ರಿಂದ 100 ಮೈಕ್ರಾನ್. ಲೆಕ್ಕಕ್ಕೆ 70 ಎಂದಿಟ್ಟುಕೊಳ್ಳಿ. 1 ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನನ್ನ ಮಗನ ಹಾಗೆ 5 ಸೆಂ.ಮೀ. ಕೂದಲಿದ್ದರೆ, ಎಲ್ಲ ಎಳೆಗಳನ್ನೂ ಸಾಲಾಗಿ ಜೋಡಿಸಿದಾಗ 5 ಕಿಲೋಮೀಟರ್ ಉದ್ದ ಬರುತ್ತದೆ. ಅವುಗಳ ಮೈಯ ಒಟ್ಟು ವಿಸ್ತಾರ 1.1 ಚದರ ಮೀಟರ್, ಎಂದರೆ 12 ಚದರ ಅಡಿ. ಕೂದಲು 20 ಸೆಂ.ಮೀ. ಇದ್ದರೆ 47 ಚದರ ಅಡಿ. 45 ಸೆಂ.ಮೀ. ಇದ್ದರೆ 106 ಚದರ ಅಡಿ, ಎಂದರೆ ಹತ್ತು ಅಡಿಗೆ ಹತ್ತು ಅಡಿಯ ಕೋಣೆಯ ನೆಲಕ್ಕಿಂತ ತುಸು ಜಾಸ್ತಿ. ತಲೆಗೆ ಏನೇ ಹಚ್ಚಿದರೂ ಇಷ್ಟು ನೆಲಕ್ಕೆ ಬಳಿದ ಹಾಗೆ.

ತೂಕವೂ ಹೀಗೆಯೇ. 5 ಸೆಂ.ಮೀ. ಕೂದಲಿನ ತಲೆಯ ಮೇಲೆ ಒಟ್ಟು 25 ಗ್ರಾಂ ಕೂದಲಿರುತ್ತದೆ, 20 ಸೆಂ.ಮೀ.ಗೆ 100 ಗ್ರಾಂ. ಅಂದರೆ ನನ್ನ ಮಗ 25 ಗ್ರಾಂ ಕೂದಲಿಗೆ 6 ಗ್ರಾಂ ಜೆಲ್ ಮೆತ್ತುತ್ತಿದ್ದ! ನಾಲ್ಕಕ್ಕೆ ಒಂದು ಪಾಲು. ಅದು ಎಳೆಗಳಿಗೆ ಹಿಡಿಸದೆ ನೆತ್ತಿಯ ಚರ್ಮದ ಮೇಲೆ, ಕಿವಿಯ ಹಿಂದೆ, ಕೊನೆಗೆ ದಿಂಬಿನ ಮೇಲೆ ಕೂರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಉದುರುವ ಬಿಳಿ ಪುಡಿಯನ್ನು ಅವನು ತಲೆಹೊಟ್ಟು ಎಂದುಕೊಂಡು ಹೊಟ್ಟಿನ ಶಾಂಪೂ ಬೇರೆ ತಂದಿದ್ದ. ಅದು ಹೊಟ್ಟಲ್ಲ, ಒಣಗಿದ ಜೆಲ್.

ಒಂದು ತಿಂಗಳು ದಿನದ ಅಳತೆಯನ್ನು ಅರ್ಧರ್ಧ ಗ್ರಾಂ ಇಳಿಸುತ್ತ ನೋಡಿದೆವು. ನಾಲ್ಕು ಗ್ರಾಂ ಇದ್ದಾಗ ವ್ಯತ್ಯಾಸವೇ ಕಾಣಲಿಲ್ಲ. ಮೂರಕ್ಕೆ ಬಂದಾಗ ಪುಡಿ ಉದುರುವುದು ನಿಂತಿತು. ಎರಡು ಗ್ರಾಂ ಇದ್ದಾಗಲೂ ಕೂದಲು ಸಂಜೆಯವರೆಗೆ ನಿಂತಿತು. ಒಂದೂವರೆಗೆ ಇಳಿದಾಗ ಮಧ್ಯಾಹ್ನಕ್ಕೇ ಮಲಗಿತು. ಅಲ್ಲಿಂದ ನಾನು ಹಿಡಿದ ಅಳತೆ ಇದು: ಪ್ರತಿ 5 ಸೆಂ.ಮೀ. ಉದ್ದಕ್ಕೆ 2 ಮಿ.ಲೀ. ಇದು ಪ್ರಯೋಗಾಲಯದ ಸೂತ್ರವಲ್ಲ, ಒಂದು ಮನೆಯ ತಕ್ಕಡಿಯ ಮಾತು. ಆದರೂ ಎಲ್ಲಿಂದ ಶುರುಮಾಡಬೇಕು ಎನ್ನುವುದಕ್ಕೆ ಇದೊಂದು ಒಳ್ಳೆಯ ಗುರುತು.

ಮನೆಯಲ್ಲಿ ತಕ್ಕಡಿ ಇಲ್ಲದವರಿಗೆ ನಾಣ್ಯವಿದೆ. 2019ರಿಂದ ಬಂದ ಹೊಸ 1 ರೂಪಾಯಿ ನಾಣ್ಯದ ಅಡ್ಡಳತೆ 20 ಮಿ.ಮೀ., 10 ರೂಪಾಯಿಯದ್ದು 27. ಅಂಗೈಯಲ್ಲಿ 1 ರೂಪಾಯಿ ನಾಣ್ಯದಗಲ, ಅರ್ಧ ಸೆಂಟಿಮೀಟರ್ ಎತ್ತರ ಜೆಲ್ ತೆಗೆದರೆ ಒಂದೂವರೆ ಮಿ.ಲೀ. 10 ರೂಪಾಯಿ ನಾಣ್ಯದಗಲ ತೆಗೆದರೆ ಹತ್ತಿರ ಹತ್ತಿರ 3 ಮಿ.ಲೀ. ಟೀ ಚಮಚ ತುಂಬ ತೆಗೆದರೆ 5. ಮೂರು ಬೆರಳು ಕೂಡಿಸಿ ಡಬ್ಬಿಗೆ ಅದ್ದಿ ಎತ್ತುವ ಅಭ್ಯಾಸವಿದೆಯಲ್ಲ, ನಮ್ಮ ಮನೆಯಲ್ಲಿ ಆ ಒಂದು ಎತ್ತಿಗೆ 6 ಗ್ರಾಂ ಬರುತ್ತಿತ್ತು.

ಈಗ ಆ 2 ಮಿ.ಲೀ. ಒಳಗೆ ಏನಿದೆ ನೋಡಿ. ಸಾಮಾನ್ಯ ಜೆಲ್ಲಿನಲ್ಲಿ ನೂರಕ್ಕೆ ತೊಂಬತ್ತು ಪಾಲಿನ ಆಸುಪಾಸು ನೀರು. ನೀರನ್ನು ಗಟ್ಟಿ ಮಾಡಲು ಕಾರ್ಬೋಮರ್ ಎಂಬ ಪುಡಿ, ನೂರಕ್ಕೆ ಅರ್ಧ ಪಾಲಿನಷ್ಟಿದ್ದರೂ ಸಾಕು. ಕೂದಲನ್ನು ಹಿಡಿದು ನಿಲ್ಲಿಸುವ ಕೆಲಸ ಮಾಡುವುದು ಬೇರೊಂದು ಅಂಟು. ಬಹಳಷ್ಟು ಜೆಲ್‌ಗಳಲ್ಲಿ ಅದು ಪಿವಿಪಿ. 1930ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ವಾಲ್ಟರ್ ರೆಪ್ಪೆ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದ ವಸ್ತು ಇದು. ಎರಡನೆಯ ಮಹಾಯುದ್ಧದಲ್ಲಿ ರಕ್ತ ಕಳೆದುಕೊಂಡವರಿಗೆ ಪ್ಲಾಸ್ಮಾ ಬದಲು ಇದರ ದ್ರಾವಣ ಕೊಟ್ಟದ್ದುಂಟು. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ನಮ್ಮೆಲ್ಲರ ಮನೆಯಲ್ಲೂ ಇರುತ್ತದೆ. ಅದರ ಪೊವಿಡೋನ್ ಎಂದರೆ ಈ ಪಿವಿಪಿಯೇ.

ಅಂಟು ನೂರಕ್ಕೆ 3 ಪಾಲು ಎಂದು ಹಿಡಿದರೆ, 2 ಮಿ.ಲೀ. ಜೆಲ್ಲಿನಲ್ಲಿ ಅದರ ತೂಕ 60 ಮಿಲಿಗ್ರಾಂ. ಜ್ವರಕ್ಕೆ ನುಂಗುವ 500 ಮಿ.ಗ್ರಾಂ. ಮಾತ್ರೆಯ ಎಂಟನೆಯ ಒಂದು ಪಾಲು. ಉಳಿದದ್ದರಲ್ಲಿ ಬಹುಪಾಲು ಕಾಲು ಗಂಟೆಯಲ್ಲಿ ಆವಿಯಾಗುತ್ತದೆ. ನೀರು ಆರಿದಂತೆ ಅಂಟು ಎಳೆ ಎಳೆ ಸೇರುವ ಜಾಗದಲ್ಲಿ ಬೆಸುಗೆ ಹಾಕಿದ ಹಾಗೆ ಕೂರುತ್ತದೆ. ಹಾಗಾಗಿ ನೀರು ಆರುವ ಆ ಕಾಲು ಗಂಟೆಯೇ ಮುಖ್ಯ. ನನ್ನ ಮಗ ಮಾಡುತ್ತಿದ್ದುದೇನು? ಜೆಲ್ ಹಚ್ಚಿ ಎರಡು ನಿಮಿಷಕ್ಕೆ ಹೆಲ್ಮೆಟ್ ಹಾಕಿ ಸ್ಕೂಟರ್ ಹತ್ತುವುದು. ಕೂದಲು ಹೆಲ್ಮೆಟ್ಟಿನ ಆಕಾರದಲ್ಲೇ ಒಣಗಿ ನಿಲ್ಲುತ್ತಿತ್ತು. ಹೆಲ್ಮೆಟ್ ಬಿಡು ಎಂದು ನಾನಂತೂ ಹೇಳಲಾರೆ. ಈಗ 20 ಮಿ.ಲೀ. ಹಿಡಿಯುವ ಪುಟ್ಟ ಡಬ್ಬಿ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಾನೆ. ಕಾಲೇಜಿನ ನಲ್ಲಿಯಲ್ಲಿ ಕೈ ಒದ್ದೆ ಮಾಡಿ ಅಲ್ಲೇ ಹಚ್ಚಿಕೊಳ್ಳುತ್ತಾನೆ.

ಹಚ್ಚುವ ಬಗೆಯನ್ನು ನಮ್ಮ ಬೀದಿಯ ಕಟಿಂಗ್ ಅಂಗಡಿಯಲ್ಲಿ ಕುಳಿತು ನೋಡಿದೆ. ಅಂಗಡಿಯವರು ಒಂದು ಬೆರಳ ತುದಿಯಲ್ಲಿ ಜೆಲ್ ತೆಗೆದರು. ಎರಡೂ ಅಂಗೈಗಳನ್ನು ಕೈ ತೊಳೆಯುವಂತೆ ಉಜ್ಜಿದರು, ಬೆರಳ ಸಂದಿಗಳವರೆಗೆ. ಅಂಗೈ ಹೊಳೆಯುತ್ತಿತ್ತೇ ಹೊರತು ಗಡ್ಡೆ ಎಲ್ಲೂ ಇರಲಿಲ್ಲ. ಮೊದಲು ತಲೆಯ ಹಿಂಭಾಗ, ಆಮೇಲೆ ಪಕ್ಕ, ಎಲ್ಲಕ್ಕೂ ಕೊನೆಗೆ ಹಣೆಯ ಮೇಲಿನ ಕೂದಲು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಕನ್ನಡಿಯಲ್ಲಿ ಕಾಣುವುದು ಮುಂಭಾಗ ತಾನೇ, ಗಡ್ಡೆಯನ್ನು ಅಲ್ಲೇ ಮೆತ್ತುತ್ತೇವೆ. ಸಾಲದು ಎನಿಸಿ ಇನ್ನೊಮ್ಮೆ ಡಬ್ಬಿಗೆ ಕೈ ಹಾಕುತ್ತೇವೆ.

ಈಗ ದುಡ್ಡಿನ ಮಾತು. ಅಂಗಡಿಯಲ್ಲಿ ಜೆಲ್ ಬೆಲೆ ಬಗೆಬಗೆಯಾಗಿದೆ. ಲೆಕ್ಕ ಸುಲಭವಾಗಲೆಂದು 100 ಮಿ.ಲೀ.ಗೆ 100 ರೂಪಾಯಿ ಎಂದು ಹಿಡಿಯುತ್ತೇನೆ. ನಿಮ್ಮ ಡಬ್ಬಿಯ ಮೇಲೆ ಎಂಆರ್‌ಪಿ ಪಕ್ಕದಲ್ಲೇ ಒಂದು ಗ್ರಾಂಗೆ ಅಥವಾ ಒಂದು ಮಿ.ಲೀ.ಗೆ ಎಷ್ಟು ಎಂಬ ಬೆಲೆಯೂ ಅಚ್ಚಾಗಿರುತ್ತದೆ. ಅದನ್ನು ಹಾಕುವುದು ಕಾನೂನಿನ ಪ್ರಕಾರ ಕಡ್ಡಾಯ. ಆ ಸಣ್ಣ ಅಕ್ಷರ ಓದಿ ನನ್ನ ಅಂಕಿಯನ್ನು ಗುಣಿಸಿಕೊಳ್ಳಿ. ದಿನಕ್ಕೆ 6 ಮಿ.ಲೀ.ಯಂತೆ ತಿಂಗಳ 26 ದಿನಕ್ಕೆ 156 ರೂಪಾಯಿ, ವರ್ಷಕ್ಕೆ 1,872. ದಿನಕ್ಕೆ 2 ಮಿ.ಲೀ. ಆದರೆ ವರ್ಷಕ್ಕೆ 624. ಉಳಿತಾಯ 1,248 ರೂಪಾಯಿ. ಜೆಲ್ ತೊಳೆಯಲು ದಿನಾ ಒಂದು ರೂಪಾಯಿಯ ಶಾಂಪೂ ಪೊಟ್ಟಣ ಹರಿಯುವ ಅಭ್ಯಾಸವಿದ್ದರೆ ವರ್ಷಕ್ಕೆ ಮತ್ತೆ 312. ಪಿವಿಪಿ ನೀರಿನಲ್ಲಿ ಕರಗುವ ವಸ್ತು. 2 ಮಿ.ಲೀ. ಹಚ್ಚಿದ ತಲೆಗೆ ಬರೀ ನೀರು ಸಾಕಾಗುತ್ತದೆ, 6 ಮಿ.ಲೀ. ಹಚ್ಚಿದ ತಲೆಗೆ ಸಾಕಾಗುವುದಿಲ್ಲ.

ತೆರಿಗೆಯ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ತಲೆಗೆ ಹಚ್ಚುವ ಎಣ್ಣೆ ಮತ್ತು ಶಾಂಪೂ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಜೆಲ್ ಶೇ. 18ರಲ್ಲೇ ಉಳಿಯಿತು. ಹಾಗಾಗಿ ನೂರು ರೂಪಾಯಿಯ ಡಬ್ಬಿಯಲ್ಲಿ 15 ರೂಪಾಯಿ 25 ಪೈಸೆ ತೆರಿಗೆಯೇ.

ಎಣ್ಣೆಯ ಹೆಸರು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಜೆಲ್ ಹಾಳಾಗುವುದಕ್ಕೆ ಅತಿ ದೊಡ್ಡ ಕಾರಣ ಕೊಬ್ಬರಿ ಎಣ್ಣೆ. ಬೆಳಿಗ್ಗೆ ಅಮ್ಮ ಎಣ್ಣೆ ಹಚ್ಚಿ ಕಳಿಸುತ್ತಾಳೆ, ಮಗ ಅದರ ಮೇಲೆ ಜೆಲ್ ಹಚ್ಚುತ್ತಾನೆ. ನೀರಿನ ಜೆಲ್ ಎಣ್ಣೆಯ ಎಳೆಗೆ ಹಿಡಿಯುವುದಿಲ್ಲ. ಮೇಲೆಯೇ ಮುದ್ದೆಯಾಗಿ ಒಣಗಿ ಉದುರುತ್ತದೆ. ಹಿಡಿಯುತ್ತಿಲ್ಲ ಎಂದು ಇನ್ನಷ್ಟು ಹಚ್ಚುತ್ತಾನೆ. ಎಣ್ಣೆ ತಲೆಸ್ನಾನದ ಹಿಂದಿನ ರಾತ್ರಿಗೆ, ಜೆಲ್ ತಲೆಸ್ನಾನದ ನಂತರಕ್ಕೆ ಇರಲಿ.

ಇನ್ನು ಕೂದಲಿನ ಬಗೆ. ಎಳೆ ತೆಳುವಾಗಿ 50 ಮೈಕ್ರಾನ್ ಇದ್ದರೆ ಅದೇ ಉದ್ದದ ತಲೆಯ ಕೂದಲಿನ ತೂಕ 70 ಮೈಕ್ರಾನಿನದರ ಅರ್ಧಕ್ಕೆ ಇಳಿಯುತ್ತದೆ. ಅಂಥವರಿಗೆ ನನ್ನ ಅಳತೆಯ ಅರ್ಧ ಸಾಕು, ಬುಡಕ್ಕೆ ತಾಗಿಸಲೂ ಬಾರದು. ಜೆಲ್ಲಿನ ಭಾರಕ್ಕೇ ಕೂದಲು ನೆತ್ತಿಗೆ ಅಂಟಿ, ಇದ್ದದ್ದಕ್ಕಿಂತ ವಿರಳವಾಗಿ ಕಾಣುತ್ತದೆ. ನನ್ನ ತಲೆ ಈ ಸಾಲಿಗೆ ಸೇರಿದ್ದು. 90 ಮೈಕ್ರಾನಿನ ದಪ್ಪ ನೇರ ಕೂದಲು ಮುಳ್ಳಿನಂತೆ ಎದ್ದು ನಿಲ್ಲುವ ಜಾತಿ. ಅದರ ತೂಕ ಒಂದೂವರೆ ಪಟ್ಟಿಗೂ ಮೇಲೆ; 5 ಸೆಂ.ಮೀ.ಗೆ 3 ಮಿ.ಲೀ. ಬೇಕು. ಅದೂ ಟವೆಲಿನಲ್ಲಿ ಒರೆಸಿ ಇನ್ನೂ ತೇವವಿರುವಾಗ. ಪೂರ್ತಿ ಒಣಗಿದ ಮೇಲೆ ಎಷ್ಟು ಹಚ್ಚಿದರೂ ಅದು ತನ್ನ ದಾರಿಗೇ ಹೋಗುತ್ತದೆ.

ಅಲೆಗೂದಲಿನವರು ಹೆಚ್ಚಾಗಿ ಮಾಡುವ ತಪ್ಪು ಬಾಚುವುದು. ಜೆಲ್ ಹಚ್ಚಿ ಬಾಚಿದರೆ ಅಲೆ ಹೋಗುತ್ತದೆ. ಭುಜದವರೆಗಿನ ಕೂದಲಿಗೆ 8 ಮಿ.ಲೀ. ಹಚ್ಚಿ, ತುದಿಯಿಂದ ಮೇಲಕ್ಕೆ ಮುಷ್ಟಿಯಲ್ಲಿ ಮೆಲ್ಲಗೆ ಅಮುಕಿ ಬಿಟ್ಟರೆ ಸಾಕು.

ಗುಂಗುರು ಕೂದಲಿನ ಕಥೆಯೇ ಬೇರೆ, ನನ್ನ ಹೆಂಡತಿಯ ತಲೆ ನೋಡಿ ಕಲಿತದ್ದು. ಅದರ ಉದ್ದವನ್ನು ಇದ್ದ ಹಾಗೆ ಅಳೆಯಬಾರದು. ಅವಳ ಕೂದಲು ಒಣಗಿದಾಗ 27 ಸೆಂ.ಮೀ. ಕಾಣುತ್ತದೆ. ಒಂದು ಸುರುಳಿ ಹಿಡಿದು ಮೆಲ್ಲಗೆ ಎಳೆದು ಸ್ಕೇಲ್ ಇಟ್ಟರೆ 45. ಆ 45ಕ್ಕೆ ಲೆಕ್ಕ ಹಾಕಿದರೆ 18 ಮಿ.ಲೀ.; ಅವಳು 15ರಲ್ಲಿ ಮುಗಿಸುತ್ತಾಳೆ, ಏಕೆಂದರೆ ಎಲ್ಲ ಎಳೆಯೂ ಪೂರ್ತಿ ಉದ್ದಕ್ಕೆ ಬೆಳೆದಿರುವುದಿಲ್ಲ. ವಾರಕ್ಕೆ ಎರಡು ಸಲ, ಕೂದಲಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಹಚ್ಚುತ್ತಾಳೆ. ಒರಟು ಟವೆಲ್ ಬದಲು ಹಳೆಯ ಕಾಟನ್ ಬನಿಯನ್ನಿನಲ್ಲಿ ಅಮುಕುತ್ತಾಳೆ. ಒಣಗಿದಾಗ ಸುರುಳಿಗಳು ಗರಿಗರಿಯಾಗಿ, ಚಕ್ಕುಲಿಯಂತೆ ಗಟ್ಟಿಯಾಗಿರುತ್ತವೆ. ಮೊದಲ ಸಲ ಹಚ್ಚಿದವರು ಇಲ್ಲೇ ಹೆದರಿ ತೊಳೆದುಬಿಡುತ್ತಾರೆ. 15 ರೂಪಾಯಿ ಬಚ್ಚಲಿಗೆ. ಅಂಗೈಗೆ ಎರಡೇ ಹನಿ ಎಣ್ಣೆ ಸವರಿಕೊಂಡು ಆ ಗರಿಯನ್ನು ಅಮುಕಿ ಒಡೆದರೆ ಸುರುಳಿ ಮೆತ್ತಗಾಗಿ ಹಾಗೇ ನಿಲ್ಲುತ್ತದೆ.

ಇದಕ್ಕಿಂತ ಬಿಗಿ ಸುರುಳಿಯ ಕೂದಲೂ ನಮ್ಮ ರಾಜ್ಯದಲ್ಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹಿರಿಯರು ಆಫ್ರಿಕಾದಿಂದ ಬಂದವರು. ಅವರಲ್ಲಿ ಹಲವರ ಕೂದಲು ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ. ಅಂಥ ಕೂದಲು ಎಳೆದಾಗ ಕಂಡದ್ದರ ಎರಡು ಪಟ್ಟಿಗೂ ಮೀರುತ್ತದೆ. ನೆತ್ತಿಯ ಜಿಡ್ಡು ಸುರುಳಿ ಹತ್ತಿ ತುದಿ ತಲುಪುವುದಿಲ್ಲವಾದ್ದರಿಂದ ಒಣಗುವುದೂ ಹೆಚ್ಚು. ನಾಲ್ಕಾರು ಪಾಲು ಮಾಡಿ, ಪ್ರತಿ ಪಾಲನ್ನೂ ನೀರಿನಲ್ಲಿ ನೆನೆಸಿ ಟೀ ಚಮಚದಷ್ಟು ಹಚ್ಚಬೇಕು. ಒಟ್ಟು 25 ಮಿ.ಲೀ. ಆದರೂ ಅದು ದುಂದಲ್ಲ. ವಾರಕ್ಕೊಮ್ಮೆ ಹಚ್ಚಿದರೆ ವರ್ಷಕ್ಕೆ 1,300 ಮಿ.ಲೀ., ದಿನಾ 6 ಮಿ.ಲೀ. ಮೆತ್ತುವ ಗಿಡ್ಡ ಕೂದಲಿನ ಹುಡುಗನಿಗಿಂತ 572 ಕಡಿಮೆಯೇ.

ವರ್ಷಕ್ಕೆ 104 ಸಲ 15 ಮಿ.ಲೀ. ಎಂದರೆ ಹೆಂಡತಿಯ ಖರ್ಚು 1,560 ರೂಪಾಯಿ ಆಗಬೇಕಿತ್ತು. ಅವಳದು ಆಗುವುದು 60ರೊಳಗೆ, ಏಕೆಂದರೆ ಅವಳು ಅಗಸೆ ಬೀಜದ ಜೆಲ್ ಮಾಡಿಕೊಳ್ಳುತ್ತಾಳೆ. ಧಾರವಾಡ, ವಿಜಯಪುರ ಕಡೆ ಅಗಸಿ ಹಿಂಡಿ ಎಂದು ರೊಟ್ಟಿಯ ಜೊತೆ ತಿನ್ನುತ್ತಾರಲ್ಲ, ಅದೇ ಬೀಜ. ಅದರ ಸಿಪ್ಪೆಯಲ್ಲಿ ಲೋಳೆ ತುಂಬಿದೆ. 25 ಗ್ರಾಂ ಬೀಜಕ್ಕೆ 200 ಮಿ.ಲೀ. ನೀರು, ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ, ಕೈ ಬಿಡದೆ ತಿರುವಬೇಕು. ಮೊದಲು ನೊರೆ ಬರುತ್ತದೆ. ಆಮೇಲೆ ಸೌಟು ಎತ್ತಿದರೆ ಮೊಟ್ಟೆಯ ಬಿಳಿಯಂತೆ ಉದ್ದಕ್ಕೆ ಎಳೆ ಬಿಡುತ್ತದೆ. ಅದೇ ಹದ, ಆ ಕ್ಷಣವೇ ಒಲೆ ಆರಿಸಬೇಕು. ಇನ್ನೆರಡು ನಿಮಿಷ ಬಿಟ್ಟರೆ ಬೀಜದಿಂದ ಲೋಳೆ ಬೇರೆಯಾಗುವುದೇ ಇಲ್ಲ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿದರೆ ಸುಮಾರು 150 ಮಿ.ಲೀ. ಸಿಗುತ್ತದೆ.

ಬೀಜ ಕಿಲೋಗೆ 200 ರೂಪಾಯಿ ಎಂದು ಹಿಡಿದರೆ 25 ಗ್ರಾಂಗೆ 5 ರೂಪಾಯಿ. ಇಷ್ಟು ಕುದಿಸಲು 6 ಗ್ರಾಂ ಗ್ಯಾಸ್ ಸಾಕು, 14.2 ಕಿಲೋ ಸಿಲಿಂಡರಿಗೆ 900 ರೂಪಾಯಿ ಎಂದರೂ ಅದು 40 ಪೈಸೆ. ಅರ್ಧ ರೂಪಾಯಿಯೇ ಇರಲಿ. ಒಟ್ಟು ಐದೂವರೆ ರೂಪಾಯಿಗೆ 150 ಮಿ.ಲೀ., ಒಂದು ಸಲಕ್ಕೆ 55 ಪೈಸೆ. ವರ್ಷಕ್ಕೆ 57 ರೂಪಾಯಿ. ಇದರಲ್ಲಿ ಅವಳ ದುಡಿಮೆಯ ಲೆಕ್ಕ ಸೇರಿಲ್ಲ, ಸೇರಿಸಲೇಬೇಕು. ಒಂದು ಸಲ ಮಾಡಿ, ಸೋಸಿ, ಪಾತ್ರೆ ತೊಳೆಯಲು 25 ನಿಮಿಷ. ವರ್ಷಕ್ಕೆ ಹತ್ತು-ಹನ್ನೊಂದು ಸಲ, ನಾಲ್ಕೂಕಾಲು ಗಂಟೆ. ಉಳಿಯುವುದು 1,500 ರೂಪಾಯಿ. ಗಂಟೆಗೆ 350ರ ಹತ್ತಿರ ಬಿತ್ತು. ಬೇಸರವಿಲ್ಲದವರಿಗೆ ಒಳ್ಳೆಯ ಕೂಲಿ.

ಕೊರತೆಯನ್ನೂ ಹೇಳಬೇಕು. ಮನೆಯ ಜೆಲ್ಲಿಗೆ ಕೆಡದಂತೆ ಕಾಯುವ ವಸ್ತು ಹಾಕಿರುವುದಿಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ಹುಳಿ ವಾಸನೆ ಬಂದರೆ ಚೆಲ್ಲಬೇಕು, ಮೂಗು ಮುಚ್ಚಿಕೊಂಡು ಹಚ್ಚಬಾರದು. ನಾವು ಐಸ್ ಟ್ರೇಯಲ್ಲಿ ಹೊಯ್ದು ಫ್ರೀಜರಿನಲ್ಲಿ ಇಡುತ್ತೇವೆ. ಒಂದು ಗುಳಿಗೆ ಒಂದು ದೊಡ್ಡ ಚಮಚ, 15 ಮಿ.ಲೀ.; ಒಂದು ಗುಳಿ ಒಂದು ತಲೆಸ್ನಾನಕ್ಕೆ. ಹಿಡಿತವೂ ಮೆತ್ತಗಿನದು. ಸುರುಳಿಯನ್ನು ಒಟ್ಟುಗೂಡಿಸುತ್ತದೆ, ಗಿಡ್ಡ ನೇರ ಕೂದಲನ್ನು ಎಬ್ಬಿಸಿ ನಿಲ್ಲಿಸಲಾರದು. ಕರಾವಳಿ-ಮಲೆನಾಡಿನಲ್ಲಿ ದಾಸವಾಳದ ಎಲೆ ಕಿವುಚಿ ತೆಗೆಯುವ ಗೊಂಪು ಕೂಡ ಲೋಳೆಯೇ, ಆದರೆ ಅದು ತಲೆ ತೊಳೆಯಲು. ಕೂದಲು ನಿಲ್ಲಿಸಲು ಅಲ್ಲ.

ಮಳೆಗಾಲದಲ್ಲಿ ಅಗಸೆ ಸೋಲುತ್ತದೆ. ಕೂದಲು ತನ್ನ ತೂಕದ ಶೇ. 30ರವರೆಗೂ ನೀರು ಹೀರಬಲ್ಲದು. ಜುಲೈಯ ಮಂಗಳೂರಿನಲ್ಲಿ ಗಾಳಿಯ ತೇವಾಂಶ ಶೇ. 85 ದಾಟುವುದು ಸಾಮಾನ್ಯ. ಏಪ್ರಿಲ್ ಮಧ್ಯಾಹ್ನದ ಕಲಬುರಗಿಯಲ್ಲಿ ಶೇ. 30ಕ್ಕಿಂತ ಕೆಳಗೆ. ಒಂದೇ ಡಬ್ಬಿ ಎರಡೂ ಊರಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಗ್ಲಿಸರಿನ್ ಗಾಳಿಯ ನೀರು ಎಳೆಯುವ ವಸ್ತು. ಅದು ಹೆಚ್ಚಿರುವ ಜೆಲ್ ಕರಾವಳಿಯ ಮಳೆಯಲ್ಲಿ ಅಂಟಂಟಾಗುತ್ತದೆ. ಬೆವರಿನದು ಇನ್ನೊಂದು ತೊಂದರೆ. ತಟ್ಟೆಯಲ್ಲಿ ಒಂದು ಚಮಚ ಕಾರ್ಬೋಮರ್ ಜೆಲ್ ಇಟ್ಟು ಚಿಟಿಕೆ ಉಪ್ಪು ಹಾಕಿ ಕಲಸಿ. ಗಟ್ಟಿಯಾಗಿ ನಿಂತಿದ್ದ ಜೆಲ್ ನಿಮ್ಮ ಕಣ್ಣೆದುರೇ ನೀರಾಗಿ ಹರಿಯುತ್ತದೆ. ಆಟದ ಮೈದಾನದಲ್ಲಿ ಹುಡುಗರ ಹಣೆಯಿಂದ ಕಣ್ಣಿಗೆ ಇಳಿಯುವುದು ಇದೇ. ಆಟದ ದಿನ ಹಚ್ಚದಿರುವುದೇ ಸರಿ.

ಮಗಳ ತುರುಬಿಗೆ ನನ್ನ ಅಳತೆ ಹೊಂದಲಿಲ್ಲ. 50 ಸೆಂ.ಮೀ. ಕೂದಲಿಗೆ 20 ಮಿ.ಲೀ. ಬೇಕೆನ್ನುತ್ತದೆ ಸೂತ್ರ, ಅವಳಿಗೆ 4 ಸಾಕಾಯಿತು. ತುರುಬನ್ನು ಹಿಡಿಯುವುದು ಪಿನ್ನು, ನೆಟ್ಟು. ಬೈತಲೆಯ ಎರಡು ಪಕ್ಕ, ಕಿವಿಯ ಮೇಲೆ ಹಾರಾಡುವ ಮರಿಗೂದಲಿಗಷ್ಟೇ ಜೆಲ್. ಹಳೆಯ ಟೂತ್‌ಬ್ರಷ್‌ಗೆ ಸವರಿ ನೀವಿದರೆ ಕೈಗೆ ಅಂಟಿ ಹಾಳಾಗುವುದೂ ತಪ್ಪುತ್ತದೆ. ಇಲ್ಲಿ ಜೆಲ್ಲಿಗಿಂತ ನನಗೆ ಭಯ ಬಿಗಿತದ್ದು. ವಾರದಲ್ಲಿ ಮೂರು ದಿನ ಕಣ್ಣು ಮೇಲಕ್ಕೆ ಸೆಳೆಯುವಷ್ಟು ಬಿಗಿದು ಕಟ್ಟಿದರೆ ಹಣೆಯಂಚಿನ ಕೂದಲು ಬುಡದಿಂದಲೇ ಹೋಗುತ್ತದೆ, ವರ್ಷಗಟ್ಟಲೆ ಹಾಗೆ ಮಾಡಿದರೆ ಮರಳಿ ಬಾರದೆಯೂ ಇರಬಹುದು. ಕ್ಲಾಸ್ ಮುಗಿದ ಕೂಡಲೇ ಬಿಚ್ಚಿಸಿ.

‘ಜೆಲ್ ಹಚ್ಚಿದರೆ ಕೂದಲು ಉದುರುತ್ತದೆ’ ಎಂಬ ಮಾತಿಗೂ ಒಂದು ಲೆಕ್ಕವಿದೆ. ಯಾರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜೆಲ್ ಇದ್ದರೆ ಅವು ಅಲ್ಲೇ ಅಂಟಿಕೊಂಡಿರುತ್ತವೆ. ಮೂರು ದಿನಕ್ಕೊಮ್ಮೆ ತೊಳೆದಾಗ 150ರಿಂದ 300 ಒಟ್ಟಿಗೇ ಕೈಗೆ ಬರುತ್ತವೆ. ನೋಡಿದರೆ ಎದೆ ಝಲ್ಲೆನ್ನುತ್ತದೆ ನಿಜ. ಆದರೆ ಅದು ಮೂರು ದಿನದ ಬಾಕಿ. ಒಣ ಜೆಲ್ಲಿನ ಮೇಲೆ ಬಾಚಣಿಗೆ ಎಳೆದರೆ ಮಾತ್ರ ಎಳೆ ತುಂಡಾಗುವುದು ಖಂಡಿತ. ಮೊದಲು ನೀರು, ಆಮೇಲೆ ಬಾಚಣಿಗೆ.

ನಮ್ಮ ಮನೆಯ ಲೆಕ್ಕ ಈಗ ಹೀಗಿದೆ. ಮಗನಿಗೆ ತಿಂಗಳಿಗೆ 52 ಮಿ.ಲೀ., ಮಗಳ ಹದಿಮೂರು ಕ್ಲಾಸಿಗೆ 52. ಹದಿನೆಂಟು ದಿನಕ್ಕೆ ಮುಗಿಯುತ್ತಿದ್ದ 150 ಮಿ.ಲೀ. ಡಬ್ಬಿ ಈಗ 43 ದಿನ ಬರುತ್ತದೆ. ನೀವೂ ಇವತ್ತೇ ಕನ್ನಡಿಯ ಪಕ್ಕ ಒಂದು ಟೀ ಚಮಚ ತಂದಿಡಿ, ಡಬ್ಬಿಗೆ ಬೆರಳು ಹಾಕುವುದನ್ನು ನಿಲ್ಲಿಸಿ.